ಹಲಗೆಯ ಹೊಟ್ಟೆಯಲ್ಲಿ ಏನಿದೆ?

ಕೆರೆಯಲ್ಲಿ ಈಜು ಕಲಿತ ಹಳೆಯ ತಲೆಮಾರಿನವರನ್ನು ಕೇಳಿದರೆ, ಅವರ ಮೊದಲ ಗುರು ಸೋರೆಬುರುಡೆಯೆಂದು ತಿಳಿದುಬರುತ್ತದೆ. ಚೆನ್ನಾಗಿ ಬಲಿತು ಒಣಗಿದ ಎರಡು ಬುರುಡೆಗಳನ್ನೋ ಹಗುರವಾದ ಬೆಂಡಿನ ಕಟ್ಟನ್ನೋ ಹುಡುಗನ ಬೆನ್ನಿಗೆ ಬಿಗಿದು ನೀರಿಗೆ ತಳ್ಳಿದರಾಯಿತು; ಉಳಿದ ಪಾಠವನ್ನು ನೀರೇ ಹೇಳಿಕೊಡುತ್ತಿತ್ತು. ಬುರುಡೆ ನೋಡಲು ಚೆಲುವಾಗಿದೆಯೆ, ಅದರ ಬಣ್ಣ ಒಪ್ಪುವುದೆ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಒಳಗೆ ಗಾಳಿಯಿದೆಯೆ, ಮೇಲೆ ಬಿರುಕಿಲ್ಲವಷ್ಟೆ ಎಂಬ ಎರಡೇ ಪ್ರಶ್ನೆಗಳು ಸಾಕಾಗಿದ್ದುವು. ಕಡಲ ಅಲೆಯ ಮೇಲೆ ನಿಂತು ಜಾರುವ ಸರ್ಫಿಂಗ್ ಎಂಬ ಕ್ರೀಡೆಗೆ ಹೊಸದಾಗಿ ಇಳಿಯುವವರು ಕೇಳಬೇಕಾದುವೂ ಮೂಲತಃ ಇವೇ ಎರಡು ಪ್ರಶ್ನೆಗಳು. ಆದರೆ ಸರ್ಫ್ ಬೋರ್ಡಿನ ಹೊಳಪು ಅವನ್ನು ಮರೆಸಿಬಿಡುತ್ತದೆ.

ಬೆಂಗಳೂರಿನ ಗೃಹಸ್ಥರೊಬ್ಬರು ಹೀಗೆಯೇ ಹೊಳಪಿಗೆ ಸೋತರು. ಬ್ಯಾಂಕಿನಲ್ಲಿ 22 ವರ್ಷ ಲೆಕ್ಕ ನೋಡಿದವರು. ಒಂದು ರೂಪಾಯಿ ಹೊಂದದಿದ್ದರೂ ರಾತ್ರಿಯೂಟ ರುಚಿಸದವರು. ಅವರ 17 ವರ್ಷದ ಮಗಳು, ಟೋಕಿಯೋ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಸರ್ಫಿಂಗ್ ಸ್ಪರ್ಧೆ ನಡೆದ 2021ರಲ್ಲಿ, ದೂರದರ್ಶನದ ಪರದೆಯ ಮೇಲೆ ಹುಡುಗಿಯರು ಅಲೆಯೇರಿ ಬಂದುದನ್ನು ಕಂಡವಳು. ಅಂದಿನಿಂದ ಅದೊಂದೇ ಜಪ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಹಲಗೆ ತಂದುಕೊಡುವೆನೆಂದು ತಂದೆ ಮಾತು ಕೊಟ್ಟರು. ಮಗಳು ಅಂಕ ತಂದಳು. ಊರು ಬಿಡುತ್ತಿದ್ದ ಪರಿಚಿತರೊಬ್ಬರಿಂದ 12,000 ರೂಪಾಯಿಗೆ ಬಳಸಿದ ಹಲಗೆಯೊಂದು ಮನೆಗೆ ಬಂದಿತು. ಆರಡಿ ಉದ್ದ, ಚೂಪು ಮೂತಿ, ಶಂಖದಂತೆ ಬಿಳುಪು. ನಡುವೆ ಒಂದು ಕೆಂಪು ಗೆರೆ.

"ಈ ದುಡ್ಡಿಗೆ ಒಂದು ಚೂರು ಚಿನ್ನ ಕೊಂಡಿದ್ದರೆ ಬೆಲೆಯಾದರೂ ಏರುತ್ತಿತ್ತು" ಎಂದರು ಮನೆಯಾಕೆ. ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅಜ್ಜಿಗೆ ಬೇರೆಯೇ ಕುತೂಹಲ.

"ಇದರೊಳಗೆ ಏನಿದೆಯಪ್ಪ?"

"ಫೈಬರಮ್ಮ."

"ಅದು ಮೇಲಿನ ಮಾತಾಯಿತು. ಹೊಟ್ಟೆಯೊಳಗೆ?"

ಗೃಹಸ್ಥರಲ್ಲಿ ಉತ್ತರವಿರಲಿಲ್ಲ. ಅಮ್ಮನ ಪ್ರಶ್ನೆ ನಕ್ಕು ಬಿಡುವಂಥದೆಂದು ತೋರಿತು, ನಕ್ಕು ಬಿಟ್ಟರು.

ದಸರೆಯ ರಜೆಯಲ್ಲಿ ಕಾರಿನ ನೆತ್ತಿಗೆ ಹಲಗೆಯನ್ನು ಕಟ್ಟಿಕೊಂಡು ಸಂಸಾರವೆಲ್ಲ ಮೂಲ್ಕಿಗೆ ಹೊರಟಿತು. ಶಾಂಭವಿ ನದಿ ಕಡಲನ್ನು ಸೇರುವ ಊರು ಅದು. ಅಲ್ಲಿಯ ಆಶ್ರಮವೊಂದರಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಹುಟ್ಟಿದಂದಿನಿಂದ ಆ ತೀರದ ಹೆಸರು ಅಲೆಸವಾರರ ನಾಲಗೆಯ ಮೇಲಿದೆ. ನೆರೆಯ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಯೂ ನಡೆಯಿತು. ಹಿಂದೆ ಊರಿಗೆ ಊರೇ ಕೂಡಿ ರಂಪಣಿ ಬಲೆಯನ್ನೆಳೆಯುತ್ತಿದ್ದ ಆ ಕರಾವಳಿಯ ಮರಳಿನಲ್ಲಿ ಈಗ ಸ್ಥಳೀಯ ತರುಣರು ಪರವೂರಿನ ಮಕ್ಕಳಿಗೆ ಅಲೆಯೇರಲು ಕಲಿಸುತ್ತಾರೆ.

ಹಲಗೆಯೇ ಸ್ವಂತದ್ದಿರುವಾಗ ಗುರುದಕ್ಷಿಣೆ ಏಕೆಂದು ಗೃಹಸ್ಥರು ಮಗಳನ್ನು ತಾವೇ ಸೊಂಟಮಟ್ಟದ ನೀರಿಗೆ ಕರೆದೊಯ್ದರು. ಅವಳು ಬೋರಲು ಮಲಗಿದೊಡನೆ ಹಲಗೆ ಅವಳನ್ನು ಹೊತ್ತುಕೊಂಡೇ ನೀರೊಳಗೆ ಇಳಿಯಿತು. ಕೈಬೀಸಿದರೆ ಮುಂದೆ ಸಾಗದು, ಮೊಣಕಾಲೂರಿದರೆ ಮಗುಚುವುದು. ಎರಡನೆಯ ದಿನವೂ ಅದೇ. ಮೂರನೆಯ ದಿನ ಬೆಳಗ್ಗೆ ಸಣ್ಣದೊಂದು ಅಲೆ ಹಲಗೆಯನ್ನೆತ್ತಿ ಅವಳ ಮುಖಕ್ಕೆ ಅಪ್ಪಳಿಸಿತು. ತುಟಿ ಒಡೆದು ರಕ್ತ ಬಂದಿತು. ಹುಡುಗಿ ಅಳಲಿಲ್ಲ; ಮರಳಿನ ಮೇಲೆ ಕುಳಿತು, "ಇದು ನನ್ನಿಂದಾಗುವ ಕೆಲಸವಲ್ಲ ಅಪ್ಪ. ನನ್ನಲ್ಲೇ ಏನೋ ಕೊರತೆಯಿದೆ" ಎಂದಳು. ಅತ್ತಿದ್ದರೆ ತಂದೆ ಸಮಾಧಾನ ಹೇಳಬಹುದಿತ್ತು. ಆ ತಣ್ಣನೆಯ ತೀರ್ಮಾನಕ್ಕೆ ಏನು ಹೇಳುವುದು? ನಾಲ್ಕು ವರ್ಷಗಳ ಕನಸು ಮೂರು ಬೆಳಗುಗಳಲ್ಲಿ ಮುಗಿದುಹೋಗುವುದನ್ನು ಅವರು ನಿಂತು ನೋಡಬೇಕಾಯಿತು.

ಕಡೆಗೆ ಅವರು ಮಗಳ ಕೊರತೆಯನ್ನು ತಿದ್ದಿಕೊಡಿರೆಂದು ಬೇಡಲು ತೀರದ ಬೋಧಕನೊಬ್ಬನ ಬಳಿಗೆ ಹೋದರು. ಆ ತರುಣ ಹುಡುಗಿಯತ್ತ ನೋಡಲೇ ಇಲ್ಲ. ಹಲಗೆಯನ್ನು ಎರಡು ಕೈಯಲ್ಲೂ ಎತ್ತಿ ತೂಗಿದ. ಬೆರಳ ಗೆಣ್ಣಿನಿಂದ ಮೂತಿಯಿಂದ ಬಾಲದವರೆಗೆ ತಟ್ಟುತ್ತ ಬಂದ. ಬಾಲದ ಸಮೀಪ ಒಂದೆಡೆ ದನಿ ಮಂದವಾಯಿತು. ಅಲ್ಲಿ ಬಿಳಿಯ ಬಣ್ಣದಡಿಯಲ್ಲಿ ಹಳೆಯ ತೇಪೆಯೊಂದು ಅಡಗಿತ್ತು.

"ಹುಡುಗಿಯಲ್ಲಿ ಏನೂ ಕೊರತೆಯಿಲ್ಲ ಮಾರಾಯ್ರೆ" ಎಂದ ಅವನು. "ಇದು ನೀರು ಕುಡಿದಿದೆ. 3 ಕಿಲೋ ಇರಬೇಕಾದದ್ದು ನಾಲ್ಕೂವರೆ ಆಗಿದೆ. ಕುಡಿಯದೆ ಇದ್ದರೂ ಇದು ಕಲಿತವರ ಹಲಗೆ, ಕಲಿಯುವವರದ್ದಲ್ಲ."

ಹಲಗೆಯೊಂದು ನೀರು ಕುಡಿಯುವುದು ಹೇಗೆಂಬುದನ್ನು ಅರಿಯಬೇಕಾದರೆ ಅದರ ವಂಶಾವಳಿಯನ್ನು ತುಸು ಬಿಚ್ಚಬೇಕು. ಈ ಕ್ರೀಡೆಯ ತವರು ಹವಾಯಿ ದ್ವೀಪಗಳು. ಕ್ಯಾಪ್ಟನ್ ಕುಕ್ಕನ ಹಡಗಿನಲ್ಲಿದ್ದ ಲೆಫ್ಟಿನೆಂಟ್ ಜೇಮ್ಸ್ ಕಿಂಗ್ 1779ರಲ್ಲಿಯೇ ಅಲ್ಲಿನ ಜನ ಹಲಗೆಯ ಮೇಲೆ ಅಲೆಯೇರುವುದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಅವರ ಹಲಗೆಗಳೆಲ್ಲ ಮರದವು, ಆ ಮರಗಳು ನಮಗೂ ತೀರ ಅಪರಿಚಿತವಲ್ಲ. ಅವರು 'ಉಲು' ಎನ್ನುವುದು ನಮ್ಮ ಕರಾವಳಿಯ ಹಿತ್ತಿಲಿನ ಜೀಗುಜ್ಜೆ. 'ವಿಲಿವಿಲಿ' ಎಂಬುದು ನಮ್ಮ ಕಾಫಿ ತೋಟಗಳಲ್ಲಿ ನೆರಳು ಕೊಡುವ ಹಾಲುವಾಣದ ದಾಯಾದಿ. 'ಕೋವಾ' ಅಕೇಶಿಯದ ಕುಲಕ್ಕೆ ಸೇರಿದ್ದು. ಮರ ಕಡಿಯುವ ಮೊದಲು ಅದರ ಬುಡದಲ್ಲಿ ಕುಮು ಎಂಬ ಕೆಂಪು ಮೀನನ್ನಿರಿಸಿ ಪ್ರಾರ್ಥಿಸುತ್ತಿದ್ದರು. ಕೆತ್ತಿದ ಹಲಗೆಯನ್ನು ಹವಳದ ಕಲ್ಲಿನಿಂದ ಉಜ್ಜಿ, ಕುಕುಯಿ ಬೀಜದ ಎಣ್ಣೆ ಸವರಿ, ಆಟ ಮುಗಿದ ಮೇಲೆ ಒಣಗಿಸಿ ನಾರುಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ತೂಗುಹಾಕುತ್ತಿದ್ದರು. ನೀರು ಒಳಹೊಕ್ಕರೆ ಹಲಗೆ ಸತ್ತಂತೆಯೇ ಎಂಬುದು ಅವರಿಗೆ ಆಗಲೇ ಗೊತ್ತಿತ್ತು.

ಮರದ ಹಲಗೆಗೆ ಗಾಂಭೀರ್ಯವಿತ್ತು; ಭಾರವೂ ಇತ್ತು. ಒಲಿಂಪಿಕ್ ಈಜುಗಾರನೂ ಸರ್ಫಿಂಗಿನ ಪಿತಾಮಹನೂ ಆದ ಡ್ಯೂಕ್ ಕಹಾನಮೋಕು 1930ರ ಸುಮಾರಿನಲ್ಲಿ ಮಾಡಿಕೊಂಡ 16 ಅಡಿಯ ಹಲಗೆ 114 ಪೌಂಡು, ಎಂದರೆ 50 ಕಿಲೋಗೂ ಮಿಗಿಲು ತೂಗುತ್ತಿತ್ತು. ಭೀಮನಿಗೆ ಗದೆ ಒಪ್ಪೀತು, ಎಲ್ಲರಿಗೂ ಒಪ್ಪೀತೆ? ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿದ್ದ ಹಳೆಯ ಹಲಗೆಗಳನ್ನು ಅಭ್ಯಾಸ ಮಾಡಿದ ಟಾಮ್ ಬ್ಲೇಕ್ ಎಂಬಾತ ಹಲಗೆಯ ಒಡಲನ್ನು ಟೊಳ್ಳಾಗಿಸುವ ಉಪಾಯ ಹೂಡಿ 1932ರಲ್ಲಿ ಹಕ್ಕುಪತ್ರ ಪಡೆದ. ಆ ಬಳಿಕ ಈಕ್ವೆಡಾರಿನ ಬಾಲ್ಸಾ ಮರ ಬಂದಿತು. 1947ರಲ್ಲಿ ಥೋರ್ ಹೇಯರ್‌ಡಾಲ್ ಶಾಂತಸಾಗರವನ್ನು ದಾಟಿದ ಕಾನ್‌ಟಿಕಿ ತೆಪ್ಪವೂ ಅದೇ ಮರದ್ದು. ಬಾಸಿಂಗ ಮಾಡುವ ಬೆಂಡನ್ನು ನೆನಪಿಗೆ ತರುವಷ್ಟು ಹಗುರ. ಆದರೆ ಬೆಂಡಿನಂತೆಯೇ ಅದಕ್ಕೂ ನೀರಿನ ದಾಹ. ಎರಡನೆಯ ಮಹಾಯುದ್ಧದ ಬಳಿಕ ಗಾಜಿನ ನಾರಿನಿಂದ ನೇಯ್ದ ಬಟ್ಟೆಯನ್ನು ರೆಸಿನ್ ಎಂಬ ಕೃತಕ ರಾಳದಲ್ಲಿ ತೊಯ್ಸಿ ಅದಕ್ಕೆ ಕವಚ ತೊಡಿಸಿದರು. 1958ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಕವಚವನ್ನು ಉಳಿಸಿಕೊಂಡು ಒಡಲಿನ ಮರವನ್ನೇ ತೆಗೆದು, ಪಾಲಿಯುರಿಥೇನ್ ಎಂಬ ಗಟ್ಟಿ ನೊರೆಯನ್ನು ತುಂಬಿದರು. ನಮ್ಮ ಅಡುಗೆಮನೆಯ ಫ್ರಿಜ್ಜಿನ ಗೋಡೆಯೊಳಗಿರುವ ಹಳದಿ ಫೋಮಿನ ಬಳಗವೇ ಅದು.

ಗೃಹಸ್ಥರ ಬಿಳಿ ಹಲಗೆ ಈ ಮನೆತನದ್ದು. ಒಳಗೆ ಪಾಲಿಯುರಿಥೇನ್ ಫೋಮು, ನಟ್ಟನಡುವೆ ಬೆನ್ನೆಲುಬಿನಂತೆ ತೆಳುವಾದ ಮರದ ಪಟ್ಟಿ, ಮೇಲೆ ಗಾಜಿನ ಬಟ್ಟೆ ಮತ್ತು ಪಾಲಿಯೆಸ್ಟರ್ ರೆಸಿನ್. ಅಲೆಯ ಮೇಲೆ ಇದರ ನಡೆ ಮೃದು, ತಿರುವು ಚುರುಕು; ಪಳಗಿದವರಲ್ಲಿ ಅನೇಕರು ಇಂದಿಗೂ ಇದನ್ನೇ ಮೆಚ್ಚುವರು. ಆದರೆ ಚರ್ಮ ಬಲು ನಾಜೂಕು. ಮೊಣಕಾಲಿನ ಒತ್ತಡಕ್ಕೆ ತಗ್ಗು ಬೀಳುತ್ತದೆ. ಕಲ್ಲಿಗೆ ತಾಗಿದರೆ ಬಿರಿಯುತ್ತದೆ. ಬಿಸಿಲಿಗೆ ಹಳೆಯ ಪುಸ್ತಕದಂತೆ ಹಳದಿಯಾಗುತ್ತದೆ. ಬಿರುಕಿನ ಮೂಲಕ ಉಪ್ಪುನೀರು ಒಳಸೇರಿದರೆ ಫೋಮು ಕೊಳೆಯತೊಡಗಿ ಕವಚ ಒಡಲನ್ನು ಬಿಡುತ್ತದೆ. ಇದರ ದೊಡ್ಡ ಗುಣವೆಂದರೆ ಚಿಕಿತ್ಸೆ ಸುಲಭ. ಇಂದು ನಮ್ಮ ಮೀನುಗಾರರ ಎಷ್ಟೋ ದೋಣಿಗಳು ಇದೇ ಗಾಜಿನ ಬಟ್ಟೆ, ಇದೇ ಬಗೆಯ ರೆಸಿನ್ನುಗಳಿಂದಾದವು.

ಎರಡನೆಯ ಮನೆತನ ಎಪಾಕ್ಸಿಯದು. ಇದರ ಹೊಟ್ಟೆಯಲ್ಲಿರುವುದು ನಾವೆಲ್ಲ ಬಲ್ಲ ಥರ್ಮೋಕೋಲಿನ ಜಾತಿಯ ಫೋಮು, ಗಣಪತಿಯ ಮಂಟಪಕ್ಕೆ ಕತ್ತರಿಸುವ ಅದೇ ಬಿಳಿ ಮಣಿಗಳ ಗಟ್ಟಿ. ಹಲಗೆಗೆ ಬಳಸುವುದು ತುಸು ದಟ್ಟವಾದದ್ದು. ಮೇಲಿನ ಕವಚದ ರಾಳ ಮನೆಯ ಅರಾಲ್ಡೈಟ್ ಅಂಟಿನ ಕುಲದ್ದು. ಇದು ಮೊದಲನೆಯದಕ್ಕಿಂತ ಹಗುರ, ಹೆಚ್ಚು ತೇಲುವಂಥದು, ಪೆಟ್ಟನ್ನು ಹೆಚ್ಚು ತಾಳುವಂಥದು. ದೋಷಗಳಿಲ್ಲವೆಂದಲ್ಲ. ಗಾಳಿಯ ದಿನ ನೀರಿನ ಮೇಲೆ ಕುಣಿದಾಡುತ್ತದೆ. ಬಿರುಕು ಬಿಟ್ಟರೆ ಮಣಿಗಳ ನಡುವಣ ಸಂದುಗಳಲ್ಲಿ ನೀರು ದೂರದೂರಕ್ಕೆ ಹರಡುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮರೆತರೆ ಒಳಗಿನ ಗಾಳಿ ಹಿಗ್ಗಿ ಕವಚದ ಮೇಲೆ ಗುಳ್ಳೆಯೇಳುತ್ತದೆ. ಇನ್ನೊಂದು ಎಚ್ಚರ ಎಲ್ಲಕ್ಕಿಂತ ಮುಖ್ಯ: ಈ ಹಲಗೆಯ ಗಾಯಕ್ಕೆ ಪಾಲಿಯೆಸ್ಟರ್ ರೆಸಿನ್ ಹಚ್ಚಿದರೆ ಬಿಸಿನೀರಿಗೆ ಬಿದ್ದ ಬೆಲ್ಲದಂತೆ ಥರ್ಮೋಕೋಲು ಕರಗಿಹೋಗುತ್ತದೆ. ಆದಕಾರಣ ಚಿಕಿತ್ಸೆಗೆ ಮುನ್ನ ಕೇಳಬೇಕಾದ ಪ್ರಶ್ನೆ ಅಜ್ಜಿ ಕೇಳಿದ್ದೇ: ಹೊಟ್ಟೆಯೊಳಗೆ ಏನಿದೆ?

ಮೂರನೆಯದು ಮೃದು ಹಲಗೆ. ಒಳಗೆ ಬಹುಮಟ್ಟಿಗೆ ಅದೇ ಥರ್ಮೋಕೋಲು, ಬಲಕ್ಕೆ ಒಂದೆರಡು ಮರದ ಪಟ್ಟಿ, ತಳಕ್ಕೆ ಜಾರುವ ಪ್ಲಾಸ್ಟಿಕ್ಕು. ಮೇಲುಹೊದಿಕೆ ಮಾತ್ರ ಹವಾಯಿ ಚಪ್ಪಲಿಯ ಅಟ್ಟೆಯಂತೆ ಒತ್ತಿದರೆ ತಗ್ಗುವಂಥದು. ಹವಾಯಿಯ ಹೆಸರು ಹೀಗಾದರೂ ನಮ್ಮ ಮನೆಬಾಗಿಲಿಗೆ ಮೊದಲೇ ಬಂದಿತ್ತೆನ್ನಬೇಕು! ನೋಡಲು ಇದು ಮಕ್ಕಳ ಆಟಿಕೆ. ಚುರುಕು ತಿರುವು ಇದಕ್ಕೆ ಒಲಿಯದು. ಬೆಳೆದ ಕೌಶಲಕ್ಕೆ ಇದು ಸಾಲದು. ಹೊದಿಕೆ ಕಿತ್ತು ನೀರು ಹೊಕ್ಕರೆ ರಿಪೇರಿಯೂ ಕಷ್ಟ. ಆದರೆ ಕಲಿಯುವವರನ್ನು ನೋಯಿಸುವುದು ಕಡಿಮೆ. ಅಲೆಸವಾರರಿಗಾಗುವ ಗಾಯಗಳಲ್ಲಿ ದೊಡ್ಡ ಪಾಲು ಅವರವರ ಹಲಗೆಯಿಂದಲೇ ಆಗುವುದೆಂಬುದನ್ನು ನೆನೆದರೆ ಈ ಒಂದು ಗುಣಕ್ಕೆ ಉಳಿದೆಲ್ಲ ದೋಷಗಳನ್ನು ಮನ್ನಿಸಬಹುದು.

ಬೋಧಕ ತಂದು ನಿಲ್ಲಿಸಿದ್ದು ಇಂಥದೇ ಒಂದನ್ನು. ಎಂಟಡಿ ಉದ್ದದ ನೀಲಿ ಹಲಗೆ, ಅಗಲ ಬಾಗಿಲಿನಷ್ಟು ತೋರುವಂತಿತ್ತು. ಹುಡುಗಿಯ ಮುಖ ಸಣ್ಣದಾಯಿತು. ಗೃಹಸ್ಥರಿಗೂ ಮಾತು ಹಿಡಿಸಲಿಲ್ಲ. ಆಗ ಆ ತರುಣ ಅವರ ಭಾಷೆಯಲ್ಲಿಯೇ ಮಾತನಾಡಿದ. ಮರಳಿನ ಮೇಲೆ ಬೆರಳಿನಿಂದ ಲೆಕ್ಕ ಬರೆದ. ಬಿಳಿ ಹಲಗೆಯ ಗಾತ್ರ 28 ಲೀಟರು. ಅದು ಪೂರ್ತಿ ಮುಳುಗಿದರೆ ತಳ್ಳಿಹಾಕುವ ಕಡಲನೀರಿನ ತೂಕ 28 ಕಿಲೋಗಿಂತ ತುಸು ಹೆಚ್ಚು. ಅದರ ಸ್ವಂತ ಭಾರ ನಾಲ್ಕೂವರೆ ಕಳೆದರೆ ಹೊರಬಲ್ಲದ್ದು 24 ಕಿಲೋ. ಹುಡುಗಿಯ ತೂಕ 50. ನೀಲಿ ಹಲಗೆಯ ಗಾತ್ರ 70 ಲೀಟರು; ಸ್ವಂತ ಭಾರ 7 ಕಿಲೋ ಕಳೆದರೂ ಹೊರಬಲ್ಲದ್ದು 64.

"ಸಾಲ ತೆಗೆದವನ ಆದಾಯ 24, ಖರ್ಚು 50 ಇದ್ದರೆ ನೀವು ಅವನನ್ನು ಬ್ಯಾಂಕಿನಲ್ಲಿ ಬೈತೀರಾ ಮಾರಾಯ್ರೆ? ಲೆಕ್ಕವೇ ತಪ್ಪು ಅಂತೀರಿ."

ಗೃಹಸ್ಥರು ಆ ಅಂಕೆಗಳನ್ನು ನೋಡುತ್ತ ನಿಂತರು. ಜೀವಮಾನವೆಲ್ಲ ಇತರರ ಲೆಕ್ಕದಲ್ಲಿ ತಪ್ಪು ಹುಡುಕಿದವರು ತಮ್ಮ ಮಗಳ ಲೆಕ್ಕವನ್ನು ಕೂಡಿಸಿ ನೋಡಿರಲಿಲ್ಲ. ಕಲಿಯುವವರು ಹಲಗೆಯನ್ನು ದೂರುವುದಿಲ್ಲ, ತಮ್ಮನ್ನೇ ದೂರಿಕೊಳ್ಳುತ್ತಾರೆ. ಹಲಗೆ ಕೊಟ್ಟವರು ಹಿರಿಯರು, ಅಕ್ಕರೆಯಿಂದ ಕೊಟ್ಟವರು ಎಂಬ ಕಾರಣಕ್ಕೆ ಇನ್ನೂ ಹೆಚ್ಚಾಗಿ ದೂರಿಕೊಳ್ಳುತ್ತಾರೆ. ಎಷ್ಟೋ ಮಕ್ಕಳು ಗಣಿತವನ್ನೂ ಸಂಗೀತವನ್ನೂ ಹೀಗೆಯೇ ತಮ್ಮಿಂದಾಗದೆಂದು ತೊರೆದಿರಬಹುದಲ್ಲವೆ?

"ಪುಟ್ಟಿ, ತಪ್ಪು ನನ್ನದು" ಎಂದರು ಅವರು. ಆ ಮೂರು ಶಬ್ದಗಳನ್ನು ಆಡಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಮರುದಿನ ನೀಲಿ ಹಲಗೆಯ ಮೇಲೆ ಮಲಗಿದಾಗ ಹುಡುಗಿಯ ಬೆನ್ನು ಒಣಗಿಯೇ ಇತ್ತು. ಏಳು ಸಲ ಬಿದ್ದಳು. ಹಲಗೆ ತಲೆಗೆ ತಾಗಿದರೂ ನೋವಾಗಲಿಲ್ಲ. ಎಂಟನೆಯ ಸಲ ಬೋಧಕ ಹಿಂದಿನಿಂದ ಮೆಲ್ಲನೆ ನೂಕಿದ. ಮುರಿದು ನೊರೆಯಾದ ಸಣ್ಣ ಅಲೆಯೊಂದು ಬಂದು ಎತ್ತಿಕೊಂಡಿತು. ಅವಳು ಎದ್ದು ನಿಂತಳು. ಮೂರು ಕ್ಷಣವೋ ನಾಲ್ಕೋ. ದಡದಲ್ಲಿದ್ದ ತಾಯಿ ಚಿನ್ನದ ಬೆಲೆಯನ್ನು ಮರೆತು ಚಪ್ಪಾಳೆ ತಟ್ಟಿದರು.

ಹೊಸಬರಿಗೆ ಇದರಿಂದ ತಿಳಿಯುವ ವಿವೇಕ ಸರಳವಾದುದು. ಮೊದಲು ಗಾತ್ರ ನೋಡಬೇಕು. ಕಿಲೋದಲ್ಲಿ ತಮ್ಮ ತೂಕವೆಷ್ಟೋ ಹಲಗೆ ಕಡೆಯ ಪಕ್ಷ ಅಷ್ಟು ಲೀಟರಾದರೂ ಇರಲಿ, ಹೆಚ್ಚಿದ್ದರೆ ಒಳಿತು. ಆಮೇಲೆ ವಸ್ತು. ಮೊದಲ ಪಾಠಗಳಿಗೆ ಮೃದು ಹಲಗೆ. ಅದನ್ನು ಕೊಳ್ಳುವ ಮೊದಲು ಬಾಡಿಗೆಗೆ ಪಡೆಯುವುದೇ ಲೇಸು. ನಿಲ್ಲಲು ಬಂದು, ಅಲೆಯನ್ನು ಓರೆಯಾಗಿ ಸವರುವ ಆಸೆ ಹುಟ್ಟಿದಾಗ ಉದ್ದನೆಯ ಎಪಾಕ್ಸಿ ಹಲಗೆ. ತಿರುವಿನ ಸೂಕ್ಷ್ಮಗಳು ಕಾಲಿಗೆ ತಿಳಿದ ಬಳಿಕ ಪಾಲಿಯುರಿಥೇನ್. ಮರದ ಹಲಗೆ ಕಣ್ಣಿಗೆ ಹಬ್ಬ. ಆದರೆ ಅದು ರಸಿಕರಿಗೆ, ಮತ್ತು ತೋಳಿನಲ್ಲಿ ಕಸುವುಳ್ಳವರಿಗೆ.

ಮತ್ತೊಂದು ಮಾತನ್ನೂ ಮರೆಯಲಾಗದು. ಈ ನೊರೆಗಳಲ್ಲಿ ಯಾವುದೂ ಪಾಪರಹಿತವಲ್ಲ. ಅಮೆರಿಕದ ಬಹುಪಾಲು ಹಲಗೆಗಳಿಗೆ ಒಡಲನ್ನು ಒದಗಿಸುತ್ತಿದ್ದ ಗಾರ್ಡನ್ ಕ್ಲಾರ್ಕನ ಕಾರ್ಖಾನೆ 2005ರ ಡಿಸೆಂಬರ್ 5ರಂದು ಏಕಾಏಕಿ ಮುಚ್ಚಿತು. ತಯಾರಿಕೆಯಲ್ಲಿ ಬಳಸುವ ವಿಷಕಾರಿ ರಾಸಾಯನಿಕದ ಬಗೆಗಿನ ಸರಕಾರಿ ನಿಯಮಗಳು, ಕಾರ್ಮಿಕರ ಆರೋಗ್ಯದ ಹೊಣೆ, ಇವನ್ನೇ ಆತ ಕಾರಣವಾಗಿ ಮುಂದಿಟ್ಟ. ಥರ್ಮೋಕೋಲೂ ಪುಡಿಯಾಗಿ ಕಡಲಿಗೆ ಬಿದ್ದರೆ ಕರಗುವುದಿಲ್ಲ. ಮೀನಿನ ಹೊಟ್ಟೆ ಸೇರುತ್ತದೆ. ಆದುದರಿಂದ ಇರುವ ಹಲಗೆಯನ್ನು ಕಾಪಾಡಿಕೊಂಡು ಬಹುಕಾಲ ಬಳಸುವುದೇ ಕಡಲಿಗೆ ಸಲ್ಲಿಸುವ ಗೌರವ.

ಹುಡುಗಿ ಹಾಗೆಯೇ ಮಾಡಿದಳು. ಬಿಳಿ ಹಲಗೆಯನ್ನು ಎಸೆಯಲು ಒಪ್ಪಲಿಲ್ಲ. ಬೋಧಕನ ಸೂಚನೆಯಂತೆ ಹಳೆಯ ತೇಪೆಯನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆದು, ಬಾಲ ಕೆಳಗಾಗಿ ನೆರಳಿನಲ್ಲಿ ನಿಲ್ಲಿಸಿದಳು. ಬೆಂಗಳೂರಿನ ಹಿತ್ತಿಲಿನಲ್ಲಿ ವಾರಗಟ್ಟಲೆ ಅದು ಕುಡಿದ ಕಡಲನ್ನು ಹನಿಹನಿಯಾಗಿ ಬಿಟ್ಟುಕೊಟ್ಟಿತು. ಪೂರ್ತಿ ಒಣಗಿದ ಮೇಲೆ ಮೂಗಿಗೆ ಮುಖವಾಡ ಕಟ್ಟಿ, ಕೈಗೆ ಗವಸು ತೊಟ್ಟು, ತಂದೆಮಗಳು ಗಾಜಿನ ಬಟ್ಟೆಯ ಹೊಸ ತೇಪೆ ಹಚ್ಚಿದರು. ರೆಸಿನ್ನಿಗೆ ಬೆರೆಸುವ ಗಟ್ಟಿಕಾರಕದ ಹನಿಗಳನ್ನು ಎಣಿಸುವ ಕೆಲಸ ಬ್ಯಾಂಕಿನವರದು.

ತೇಪೆ ಗಟ್ಟಿಯಾದ ಸಂಜೆ ಅಜ್ಜಿ ಹೊರಗೆ ಬಂದು ಹಲಗೆಯ ಬಳಿ ಕುಳಿತರು.

"ಈಗ ಗೊತ್ತಾಯಿತೇನೇ, ಇದರ ಹೊಟ್ಟೆಯೊಳಗೆ ಏನಿದೆ ಅಂತ?"

"ನೊರೆ ಅಜ್ಜಿ. ನೊರೆಯೊಳಗೆ ಗಾಳಿ."

"ಹಾಗಾದರೆ ನಮ್ಮ ಸೋರೆಬುರುಡೆಯೇ ಆಯಿತು" ಎನ್ನುತ್ತ ಅಜ್ಜಿ ಬೆರಳು ಮಡಿಸಿ ಹಲಗೆಯನ್ನು ಮೂತಿಯಿಂದ ಬಾಲದವರೆಗೆ ತಟ್ಟುತ್ತ ಹೋದರು. ಬಾಲದ ಬಳಿ ನಿಂತು ಕಿವಿಗೊಟ್ಟರು. "ಸರಿಯಾಗಿದೆ. ನೀರು ಕುಡಿದ ಬುರುಡೆಯ ದನಿಯೇ ಬೇರೆ ಇರುತ್ತದೆ. ನಾವು ತಟ್ಟಿ ನೋಡದೆ ಮಕ್ಕಳ ಬೆನ್ನಿಗೆ ಕಟ್ಟುತ್ತಿರಲಿಲ್ಲ."

ಗೃಹಸ್ಥರು ಪತ್ರಿಕೆಯಿಂದ ತಲೆಯೆತ್ತಲಿಲ್ಲ. ಹಲಗೆ ಕೊಳ್ಳಲು ಹೋದ ದಿನ ಅಮ್ಮನನ್ನೂ ಜೊತೆಗೆ ಕರೆದೊಯ್ಯಬೇಕಿತ್ತೆಂದು ಅವರಿಗೆ ಅನ್ನಿಸಿರಬೇಕು. ಹೊರಗೆ ಮಾತ್ರ ಹೇಳಲಿಲ್ಲ.